ನಲವತ್ತಮೂರು ಫೈಲುಗಳ ಮೆರವಣಿಗೆ

ಶ್ಯೂಚಿಂಗ್‌ಳ ಮೂರು ತಿಂಗಳ ಪರೀಕ್ಷಾವಧಿಗೆ ಅಂದು ಕೊನೆಯ ದಿನ. ತೈನಾನ್ ನಗರದ, ವೆಬ್‌ಸೈಟ್ ಮಾಡಿಕೊಡುವ ಆ ಪುಟ್ಟ ಕಚೇರಿಯಲ್ಲಿ ಅವಳಿಗೆ ಕೊಟ್ಟಿದ್ದು ಒಂದೇ ಕೆಲಸ: ಹುಣ್ಣಿಮೆ ಹಬ್ಬದ ಸಿಹಿಯಾದ ಮೂನ್‌ಕೇಕ್ ಮಾರುವ ಅಂಗಡಿಯೊಂದರ ಪುಟಕ್ಕೆ ಬಣ್ಣ, ಅಕ್ಷರ, ಅಂಚು ತೊಡಿಸುವ ಹನ್ನೊಂದು ಸಾವಿರ ಸಾಲಿನ ಸ್ಟೈಲ್‌ಶೀಟನ್ನು ಬಿಡಿಸಿ ಜೋಡಿಸುವುದು. ಆ ಗೋಜಲನ್ನು ಅವಳು ನಲವತ್ತಮೂರು ಚಿಕ್ಕ ಫೈಲುಗಳಾಗಿ ಒಪ್ಪ ಮಾಡಿದ್ದಳು. ಬಟನ್ನಿಗೊಂದು, ಬೆಲೆಪಟ್ಟಿಗೊಂದು, ಮೊಲದ ಚಿತ್ರಕ್ಕೂ ಒಂದು.

ಮೂರು ಗಂಟೆಗೆ ಹಬ್ಬದ ಬುಕಿಂಗ್ ಶುರು. ಎರಡೂವರೆಗೆ ಕಚೇರಿಯ ಯಜಮಾನ ಕ್ವಾನ್ ಫೋನಿನಲ್ಲಿ ಪುಟ ತೆರೆದ. ಒಂಬತ್ತು ಸೆಕೆಂಡು ಬರೀ ಬಿಳಿ.

"ಏನಮ್ಮಾ ಇದು, ಅಂಗಡಿನೋ ಹಿಟ್ಟಿನ ಮೂಟೆನೋ?"

"ನನ್ನ ಕಂಪ್ಯೂಟರಲ್ಲಿ ಹಾರ್ತಾ ಇತ್ತು, ಕ್ವಾನಣ್ಣ..."

"ಹಂಗಾದ್ರೆ ಗಿರಾಕಿಗಳನ್ನೆಲ್ಲ ನಿನ್ ಕುರ್ಚಿ ಮೇಲೇ ಕೂರ್ಸೋಣ್ವಾ? ಸರಿಯಾಗ್ಲಿಲ್ಲ ಅಂದ್ರೆ ಹಳೇ ಫೈಲೇ ವಾಪಸ್."

ಹಳೆಯದು ವಾಪಸಾದರೆ ತಾನೂ ಮನೆಗೆ ವಾಪಸು ಎಂದು ಅವಳಿಗೆ ಗೊತ್ತಿತ್ತು.

ಪಕ್ಕದ ಮೇಜಿನ ಹುಯಿಫೆನ್ ಅಕ್ಕ ಸರ್ವರ್ ಕಡೆ ಓಡಿದಳು. ಅದರ ತಲೆಯ ಮೇಲೆ ಜೋಳದ ಕುರುಕಲಿನ ಹಸಿರು ಪೊಟ್ಟಣವಿಡದಿದ್ದರೆ ಯಂತ್ರ ಮುನಿಯುತ್ತದೆ ಎಂಬುದು ಅಲ್ಲಿನವರ ನಂಬಿಕೆ. ಪೊಟ್ಟಣದ ತಾರೀಖು ಮೀರಿದರಂತೂ ಕೇಳಲೇಬೇಡಿ.

"ಅಯ್ಯೋ, ತಾರೀಖು ನಿನ್ನೆಗೇ ಮುಗ್ದಿದೆ ಕಣ್ರೀ!"

ಕ್ವಾನ್ ಚಪ್ಪಲಿ ಹುಡುಕದೆ ಬರಿಗಾಲಲ್ಲೇ ಹೊಸ ಪೊಟ್ಟಣ ತರಲು ಬೀದಿಯ ಅಂಗಡಿಗೆ ಓಡಿದ.

ಶ್ಯೂಚಿಂಗ್ ಮಾತ್ರ ಪರದೆಯನ್ನೇ ದಿಟ್ಟಿಸಿದಳು. ಫೈಲುಗಳು ಮೆಟ್ಟಿಲಿನಂತೆ ಒಂದರ ಹಿಂದೆ ಒಂದು ಇಳಿಯುತ್ತಿದ್ದವು. ಮೊದಲನೆಯದು ಬಂದು ಎರಡನೆಯದನ್ನು ಕರೆಯಬೇಕು, ಎರಡನೆಯದು ಮೂರನೆಯದನ್ನು. ಒಂದು ಸಲಕ್ಕೆ ಒಬ್ಬರೇ! ಅವಳ ಕಂಪ್ಯೂಟರಿನಲ್ಲಿ ಎಲ್ಲವೂ ಮನೆಯೊಳಗೇ ಇದ್ದವು. ಫೋನು ಮಾತ್ರ ಪ್ರತಿಯೊಂದಕ್ಕೂ ಸರ್ವರಿನ ತನಕ ಹೋಗಿ ಬರಬೇಕಿತ್ತು. ಕೆಲಸ ಮಾಡುವವರಿಗೆ ನಲವತ್ತಮೂರನ್ನೂ ಹಾಗೇ ಉಳಿಸಿ, ಬುಕಿಂಗ್ ಪುಟಕ್ಕೆ ಬೇಕಾದ ಹನ್ನೆರಡನ್ನು ಒಂದೇ ಫೈಲಾಗಿ ಬೆಸೆದು ಸರ್ವರಿಗೆ ಕಳಿಸಿದಳು.

ಅಷ್ಟರಲ್ಲಿ ಕ್ವಾನ್ ಏದುಸಿರು ಬಿಡುತ್ತ ಬಂದು ಹೊಸ ಪೊಟ್ಟಣ ಇಟ್ಟ, ಕೈಮುಗಿದ, ಫೋನು ಒತ್ತಿದ. ಪುಟ ಪಟಕ್ಕನೆ ಬಂತು!

"ನೋಡಿದ್ರಾ? ನಿಮ್ ಓದು, ನಿಮ್ ಕೋಡು, ಎಲ್ಲ ಇದರ ಮುಂದೆ ಸೊನ್ನೆ!" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮೂರು ತಿಂಗಳು ದನಿ ಎತ್ತದ ಹುಡುಗಿ ಎದ್ದಳು. ಪೊಟ್ಟಣ ಎತ್ತಿದಳು. ಪರ್ರನೆ ಹರಿದು ಒಂದು ಹಿಡಿ ಬಾಯಿಗೆ ಹಾಕಿಕೊಂಡಳು.

ಹುಯಿಫೆನ್ ಅಕ್ಕ ಚೀರಿದಳು.

"ಈಗ... ಇನ್ನೊಂದ್ಸಲ ತೆಗೀರಿ, ಕ್ವಾನಣ್ಣ."

ಕ್ವಾನ್ ಒತ್ತಿದ. ಪುಟ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಮತ್ತೆ ಒತ್ತಿದ. ಮತ್ತೆ ಬಂತು. ಅವನು ಪರದೆ ನೋಡಿದ, ಕುರುಕಲಿನ ಪುಡಿ ಮೆತ್ತಿದ ಅವಳ ಗಲ್ಲ ನೋಡಿದ.

"ಸೋಮವಾರ ಆ ಮೀನಿನಂಗಡಿ ಸೈಟು ಬಿಚ್ಚು. ಹದಿನೆಂಟು ಸಾವಿರ ಸಾಲಿದೆ, ರಾಕ್ಷಸಿ!"

ಅವಳು ನಕ್ಕಳು, ನಗು ನಿಲ್ಲಲೇ ಇಲ್ಲ.