ಎದುರು ರಸ್ತೆಯಿಂದ ತೆಗೆದ ಫೋಟೋ

ಒಂದೇ ಮನೆ, ಇಬ್ಬರು ಮಕ್ಕಳು, ಎರಡು ಬೆಲೆ. ಮಾತು ಕೆಡುವುದಕ್ಕೆ ಬೇರೆ ಕಾರಣ ಬೇಕಿಲ್ಲ.

ಅಮ್ಮ ತೀರಿಕೊಂಡ ಮೇಲೆ ಮನೆ ತಮ್ಮನಿಗಿರಲಿ, ಅದರ ಅರ್ಧ ಬೆಲೆ ಅಕ್ಕನಿಗೆ ಸಲ್ಲಲಿ ಎಂದು ಇಬ್ಬರೂ ಒಪ್ಪಿದ್ದರು. ಬೆಲೆ ಎಷ್ಟು ಎಂಬಲ್ಲಿಗೆ ಬಂದಾಗ ತಮ್ಮ ಒಂದು ಹೇಳಿದ. ಬ್ರೆಡ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುವ ಅಕ್ಕ ಅದರ ಒಂದೂವರೆ ಪಟ್ಟು ಹೇಳಿದಳು. ಎರಡು ತಿಂಗಳು ಒಬ್ಬರ ಹೊಸ್ತಿಲನ್ನು ಇನ್ನೊಬ್ಬರು ತುಳಿಯಲಿಲ್ಲ. ಕೊನೆಗೆ ತಮ್ಮನ ಹೆಂಡತಿಯೇ ಮನಸ್ಸು ಮಾಡಿ, ಮನೆಗಳಿಗೆ ಬೆಲೆ ಕಟ್ಟುವ ಮೌಲ್ಯಮಾಪಕಿಯನ್ನು ಕರೆಸಿದಳು. ಗಂಡನ ಅಕ್ಕನಿಗೂ ಬರಹೇಳಿದಳು.

ಮೌಲ್ಯಮಾಪಕಿ ಸೊಂಟಕ್ಕೆ ಅಳತೆ ಟೇಪು ಸಿಕ್ಕಿಸಿಕೊಂಡೇ ಓಡಾಡುವವಳು. ಹಾಗಾಗಿ ಸುತ್ತಲಿನವರ ಬಾಯಲ್ಲಿ ಅವಳು ಟೇಪಮ್ಮ. ಬಂದವಳು, ಮುಂದಿಟ್ಟ ಚಹಾ ಆರಿಹೋದರೂ ನೋಡದೆ ಎರಡು ಗಂಟೆ ಕೆಲಸ ಮಾಡಿದಳು. ಮನೆಯ ಮುಂಭಾಗ, ಹಿಂಭಾಗ, ಮುಂದಿನ ರಸ್ತೆ, ಅಡುಗೆಮನೆ, ಬಚ್ಚಲು, ಒಂದೊಂದು ಕೋಣೆ, ಎಲ್ಲದರ ಫೋಟೋ ತೆಗೆದಳು. ನಡುಮನೆಯಲ್ಲಿ ಒಂದು ಕ್ಷಣ ನಿಂತು, ಬೀರು ಸ್ವಲ್ಪ ಸರಿಸಿ ಅಂದಳು. ಸರಿಸಿದರೆ ಹಿಂದಿನ ಗೋಡೆಯಲ್ಲಿ ಬೀರುವಿನಷ್ಟೇ ಅಗಲಕ್ಕೆ ನೀರಿಳಿದ ಕಲೆ.

ತಮ್ಮ ತಲೆ ತಗ್ಗಿಸಿದ. ಅವನು ವೃತ್ತಿಯಲ್ಲಿ ಪೇಂಟರ್. ಕಲೆ ಕಂಡರೆ ಬೆಲೆ ಇಳಿದು ತನಗೇ ಲಾಭ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ. ಕಸುಬಿನ ಮರ್ಯಾದೆ ಹೋಗುತ್ತದಲ್ಲ ಎಂದು ಮುಚ್ಚಿಟ್ಟಿದ್ದ.

"ಊರ ಗೋಡೆಗೆಲ್ಲ ಬಣ್ಣ, ನಮ್ಮ ಗೋಡೆಗೆ ಬೀರು," ಅಂದಳು ಹೆಂಡತಿ.

ಟೇಪಮ್ಮ ಆ ಕಲೆಯ ಫೋಟೋವನ್ನೂ ತೆಗೆದುಕೊಂಡು, ಇನ್ನು ಆ ಮೂರು ಮನೆ ನೋಡಿ ಬರುತ್ತೇನೆ ಎಂದು ಎದ್ದಳು. ಹತ್ತಿರದಲ್ಲೇ ಈಚೆಗೆ ಮಾರಾಟವಾದ, ಹೆಚ್ಚುಕಡಿಮೆ ಈ ಮನೆಯಂಥವೇ ಮೂರು ಮನೆಗಳವು. ಅವು ಎಷ್ಟಕ್ಕೆ ಹೋದವು ಎಂದು ಹೋಲಿಸಿಯೇ ಈ ಮನೆಗೆ ಬೆಲೆ ಕಟ್ಟುವುದು.

ಪೇಂಟರ್ ತಡೆದ. ಮೂರಕ್ಕೂ ಬಣ್ಣ ಹೊಡೆದವನು ತಾನೇ, ಫೋಟೋ ಮೊಬೈಲಿನಲ್ಲೇ ಇವೆ, ಈ ಬಿಸಿಲಲ್ಲಿ ಯಾಕೆ ಅಲೆಯುತ್ತೀರಿ ಎಂದ. ಟೇಪಮ್ಮ ಒಂದೊಂದನ್ನೂ ನೋಡಿ ಕೈಗುಣವನ್ನು ಹೊಗಳಿದಳು. ಬೇಕಾದರೆ ಕೊಡಿ, ಮಾರುವಾಗ ಮನೆ ಹೇಗಿತ್ತು ಅನ್ನುವುದಕ್ಕೆ ಜೊತೆಗಿಟ್ಟುಕೊಳ್ಳುತ್ತೇನೆ ಎಂದಳು. ಚಪ್ಪಲಿ ಮಾತ್ರ ಮೆಟ್ಟಿಕೊಂಡೇಬಿಟ್ಟಳು.

"ನಂಬಿಕೆ ಇಲ್ವಾ ಮೇಡಂ?"

"ನಂಬಿಕೆ ಇದೆಯಪ್ಪ. ಆದ್ರೆ ಕೊನೇಲಿ ರುಜು ಹಾಕೋಳು ನಾನು. ನೋಡದೇ ಇರೋ ಮನೆಗೆ ಹೇಗೆ ಹಾಕ್ಲಿ?"

ಅಕ್ಕ, ತಮ್ಮ ಇಬ್ಬರೂ ಹಿಂದೆ ಹೊರಟರು. ನಡುವೆ ನಾಲ್ಕು ಮಾರು ಅಂತರ.

ಮೊದಲ ಮನೆಯ ಮುಂದೆ ವ್ಯಾನೊಂದು ನಿಂತಿತ್ತು. ಟೇಪಮ್ಮ ಅದು ಹೋಗುವವರೆಗೆ ಕಾದಳು. ಎರಡನೆಯದರ ಮೆಟ್ಟಿಲ ಮೇಲೆ ಹೆಂಗಸೊಬ್ಬಳು ತಲೆ ಬಾಚಿಕೊಳ್ಳುತ್ತಿದ್ದಳು. ಅವಳಿಗೆ ವಿಷಯ ತಿಳಿಸಿ, ಅವಳು ಒಳಗೆ ಹೋದಮೇಲೆಯೇ ಕ್ಯಾಮೆರಾ ಎತ್ತಿದಳು. ಯಾರ ಮುಖವೂ ಬೇಡ, ಯಾರ ಕಾಂಪೌಂಡೂ ದಾಟಬೇಕಿಲ್ಲ, ರಸ್ತೆಯಿಂದ ಮನೆ ಪೂರ್ತಿ ಕಂಡರೆ ಸಾಕು ಅನ್ನುವುದು ಅವಳ ಕ್ರಮ. ಹದಿನೆಂಟು ವರ್ಷದಿಂದ ಅದೇ ಕ್ರಮ. ಅಕ್ಕನಿಗೆ ತನ್ನ ಕಾರ್ಖಾನೆಯಲ್ಲಿ ಒಂದೊಂದು ಪೊಟ್ಟಣವನ್ನೂ ತಿರುವಿ ನೋಡುವ ಹಿರಿಯಳ ನೆನಪಾಯಿತು.

ಮೂರನೆಯದು ಅಂದವಾದ ಹಳದಿ ಮನೆ. ಅಷ್ಟು ಚೆಂದದ ಮನೆ ಮೂರರಲ್ಲೇ ಕಡಿಮೆ ಬೆಲೆಗೆ ಹೋಗಿತ್ತು. ಟೇಪಮ್ಮ ರಸ್ತೆ ದಾಟಿ ಹಿಂದೆ ಸರಿದಳು, ಇನ್ನೂ ಸರಿದಳು. ಆಗ ಚೌಕಟ್ಟಿನೊಳಗೆ ಪಕ್ಕದ ಕಟ್ಟಡವೂ ಬಂತು. ಹಿಟ್ಟಿನ ಗಿರಣಿ. ಅದರ ಸದ್ದಿಗೆ ಹಳದಿ ಮನೆಯ ಕಿಟಕಿಗಳು ನಡುಗುತ್ತಿದ್ದವು. ಸರಳುಗಳ ಮೇಲೆ ಬೆಳ್ಳಗೆ ಹಿಟ್ಟು ಕೂತಿತ್ತು.

ಅಕ್ಕ ಎರಡು ತಿಂಗಳಲ್ಲಿ ಮೊದಲ ಸಲ ತಮ್ಮನೊಡನೆ ಮಾತಾಡಿದಳು.

"ನಿನ್ನ ಫೋಟೋದಲ್ಲಿ ಗಿರಣಿ ಎಲ್ಲೋ?"

ಅವನು ಮೊಬೈಲು ನೋಡಿದ. ಇರಲಿಲ್ಲ. ಬೇಕೆಂದೇ ಬಿಟ್ಟಿದ್ದಾನೆ, ಅಷ್ಟು ಚೆಂದದ ಮನೆಗೇ ಇಷ್ಟು ಬೆಲೆ ಎಂದು ತೋರಿಸಿ ನನ್ನ ಪಾಲು ತಗ್ಗಿಸಲು ಎಂದು ಅವಳ ಮುಖ ಕಪ್ಪಿಟ್ಟಿತು. ಅವನು ಮೊಬೈಲನ್ನೇ ಅವಳ ಕೈಗಿಟ್ಟ. ಅವಳು ಬೆರಳಾಡಿಸಿದಳು. ಗೋಡೆ, ಗೋಡೆ, ಕಿಟಕಿಯಂಚು, ಗೋಡೆ. ನೂರಾರು ಫೋಟೋ, ಒಂದರಲ್ಲೂ ಪಕ್ಕದ ಮನೆಯಿಲ್ಲ. ನಡುವೆ ಒಂದರಲ್ಲಿ ಅಮ್ಮ ಕುರ್ಚಿಯಲ್ಲಿ ಕೂತಿದ್ದಾಳೆ. ಕತ್ತಿನಿಂದ ಮೇಲೆ ಇಲ್ಲ. ಹಿಂದಿನ ಗೋಡೆ ಮಾತ್ರ ಮೂಲೆಯಿಂದ ಮೂಲೆಗೆ ಬಿದ್ದಿದೆ.

"ಅಮ್ಮನ ತಲೇನೇ ಬಿಟ್ಟಿದೀಯಲ್ಲೋ."

"ಅವತ್ತು ಆ ಗೋಡೆಗೆ ಎರಡನೇ ಕೋಟು ಬಣ್ಣ ಮುಗಿದಿತ್ತು ಅಕ್ಕ," ಅಂದ ಅವನು, ಮೆಲ್ಲಗೆ.

ಅಕ್ಕನಿಗೆ ನಗು ಬಂತು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಿಂದಿರುಗುವಾಗ ಆ ನಾಲ್ಕು ಮಾರು ಉಳಿದಿರಲಿಲ್ಲ.

ಗಿರಣಿ ಪಕ್ಕದ ಮನೆಯನ್ನು ನಿಮ್ಮ ಮನೆಗೆ ಹೋಲಿಸುವುದು ತರವಲ್ಲ ಎಂದು ಟೇಪಮ್ಮ ಅದನ್ನು ಬಿಟ್ಟಳು. ಬದಲಿಗೆ ಇನ್ನೊಂದು ಬೀದಿಯ ಮನೆ ಹುಡುಕಿ, ಮರುದಿನ ಬೆಳಿಗ್ಗೆ ಅದರ ಎದುರೂ ನಿಂತಳು. ವಾರದ ಮೇಲೆ ಬಂದ ವರದಿಯಲ್ಲಿ ಮೂರು ಮನೆಗಳ ಫೋಟೋ, ಕೆಳಗೆ ವಿಳಾಸ, ತೆಗೆದ ದಿನಾಂಕ. ಬೆಲೆ ತಮ್ಮ ಹೇಳಿದ್ದಕ್ಕಿಂತ ಹೆಚ್ಚು, ಅಕ್ಕ ಹೇಳಿದ್ದಕ್ಕಿಂತ ಕಡಿಮೆ. ಇಬ್ಬರೂ ಎದುರು ಮಾತಾಡಲಿಲ್ಲ. ಕಣ್ಣಾರೆ ಕಂಡದ್ದರ ಮೇಲೆ ಜಗಳವಾಡುವುದು ಹೇಗೆ?

ಈಗ ಪೇಂಟರ್ ಬಣ್ಣ ಮುಗಿಸಿದ ಮೇಲೆ ರಸ್ತೆ ದಾಟಿ ನಿಂತು ಫೋಟೋ ತೆಗೆಯುತ್ತಾನಂತೆ.

ಓದುತ್ತಿರುವವರೇ, ನಿಮ್ಮ ಮನೆಗೂ ಬೆಲೆ ಕಟ್ಟಿಸುವ ದಿನ ಬಂದೀತು. ಪಾಲಿಗೋ, ಮಾರಾಟಕ್ಕೋ, ಸಾಲಕ್ಕೋ. ಯಾವ ಮನೆಗಳಿಗೆ ಹೋಲಿಸಿದಿರಿ ಎಂದು ಸಂಕೋಚವಿಲ್ಲದೆ ಕೇಳಿ. ಆ ಮನೆಗಳ ಫೋಟೋ ಯಾರು ತೆಗೆದದ್ದು, ಯಾವಾಗ ತೆಗೆದದ್ದು, ಅಕ್ಕಪಕ್ಕವೂ ಕಾಣುತ್ತದೆಯೇ ನೋಡಿ. ನಿಮ್ಮ ಬೀದಿಯಲ್ಲಿ ಯಾರಾದರೂ ನಿಂತು ಮನೆಯ ಫೋಟೋ ತೆಗೆಯುತ್ತಿದ್ದರೆ ಗದರಿಸಿ ಅಟ್ಟಬೇಡಿ, ಗುರುತು ಕೇಳಿ, ವಿಷಯ ತಿಳಿದುಕೊಳ್ಳಿ. ಜೊತೆಗೆ, ಹೋಲಿಸಿದ ಮನೆಗಳ ಎದುರು ನೀವೂ ಒಮ್ಮೆ ನಿಂತು ಬನ್ನಿ. ಒಬ್ಬರೇ ಹೋಗಬೇಡಿ, ಯಾರ ಜೊತೆ ಮಾತು ಬಿಟ್ಟಿದ್ದೀರೋ ಅವರನ್ನೂ ಕರೆದುಕೊಂಡು ಹೋಗಿ.