ಮಂಜು ಹಿಡಿಯದ ಗಾಜು

ಸಾಯುವ ಮುಂಚೆ ದೊಡ್ಡಮ್ಮ ನನ್ನ ಅಂಗೈಗೆ ಹನ್ನೊಂದು ಬೀನ್ಸ್ ಬೀಜ ಹಾಕಿ, “ಇನ್ಯಾರ ಹತ್ರಾನೂ ಇಲ್ಲ ಕಣೇ. ಮರೀದೆ ಬಿತ್ತು” ಅಂದಿದ್ದಳು. ನಾನು ಗಾಜು ಊದುವವಳು. ಕುಂಡಕ್ಕೆ ನೀರು ಹಾಕುವ ವ್ಯವಧಾನವೂ ಇಲ್ಲ. ಅಳಿದುಹೋಗುತ್ತಿರುವ ಬೆಳೆಗಳ ಪ್ರದರ್ಶನಕ್ಕೆ ಕರೆ ಬಂದಾಗ, ಬೀನ್ಸ್ ಕಾಯಿಯ ಆಕಾರದ ಗಾಜು ಊದಿ, ತಣ್ಣಗಾದ ಮೇಲೆ ಬೀಜಗಳನ್ನು ಒಳಗೆ ಹಾಕಿ, ಬಿರಡೆಯಿಟ್ಟು ಮೇಣ ಬಳಿದೆ. ಮಣ್ಣಿಗಿಂತ ಇದೇ ಭದ್ರ ಅಂದುಕೊಂಡೆ. ನನ್ನ ಜಂಬಕ್ಕಿಷ್ಟು ಬೆಂಕಿ ಹಾಕ.

ಮಾರನೆಯ ಬೆಳಿಗ್ಗೆ ಗಾಜಿನ ಒಳಗೆಲ್ಲ ಮಂಜು. ಬೀಜವೇ ಕಾಣದು. ಒರೆಸಿ ಮುಚ್ಚಿದೆ, ಮತ್ತೆ ಮಂಜು. ಮೂರನೆಯ ಸಲ ಪಿತ್ತ ನೆತ್ತಿಗೇರಿತು. ಬೀಜಗಳನ್ನು ತಗಡಿನಲ್ಲಿ ಹರಡಿ, ಎರಡು ದಿನ ಕುಲುಮೆಯ ಮೇಲಿಟ್ಟು ಒಣಗಿಸಿದೆ. ಬಣ್ಣದ ಪುಡಿಯನ್ನೆಲ್ಲ ನಾನು ಒಣಗಿಸುವುದು ಅಲ್ಲೇ. ಕೈ ತಾನಾಗಿ ಹೋಯಿತು. ಆಮೇಲೆ ಗಾಜು ತಿಳಿನೀರಿನಂತಾಯಿತು. ನೋಡಿದವರೆಲ್ಲ ಹೊಗಳಿದ್ದೇ ಹೊಗಳಿದ್ದು.

ಕೊನೆಯ ದಿನ ಬೀಜ ಕಾಪಿಡುವ ಕೇಂದ್ರದ ಮೇಡಂ ಬಂದರು.

“ಈಗ ರಾತ್ರಿಯೂ ಧಗೆ ಇಳಿಯಲ್ಲ, ಬೀನ್ಸೆಲ್ಲ ಹೂ ಉದುರಿಸ್ತಾವೆ. ಆ ಧಗೇಲೂ ಈ ತಳಿ ಒಂದೇ ಕಾಯಿ ಕಚ್ತಿತ್ತು. ಹತ್ತು ವರ್ಷದಿಂದ ಹುಡುಕ್ತಿದೀನಮ್ಮ, ಎಷ್ಟು ಮನೆಗಳ ಊಟ ಇದು” ಅಂದರು. ಆಮೇಲೆ ಬಗ್ಗಿ ನೋಡಿ, “ಮಂಜು ಹಿಡೀಲಿಲ್ವಾ?” ಅಂತ ಕೇಳಿದರು.

“ಹಿಡೀತಿತ್ತು. ಕುಲುಮೆ ಮೇಲೆ ಒಣಗಿಸಿ ಸರಿ ಮಾಡ್ದೆ.”

ಅವರು ಅಲ್ಲೇ ಕುರ್ಚಿಯಲ್ಲಿ ಕುಸಿದರು. “ಆ ಮಂಜು ಬೀಜದ ಉಸಿರಮ್ಮ” ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹತ್ತು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆವು. ಉಬ್ಬಿದವು, ಲೋಳೆಯಾದವು, ನಾತ ಹೊಡೆದವು. ಒಂದೂ ಮೊಳೆಯಲಿಲ್ಲ. ಹನ್ನೊಂದನೆಯದನ್ನು ಕೊಡಲು ನನಗೆ ಧೈರ್ಯ ಬರಲಿಲ್ಲ. ಮತ್ತೆ ಗಾಜಿನ ಕಾಯಿಯೊಳಗೆ ಹಾಕಿ, ಮುಚ್ಚಿ, ಕಿಟಕಿಯಲ್ಲಿಟ್ಟೆ.

ದಿನಾ ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಅದನ್ನು ನೋಡುತ್ತೇನೆ. ಕುಲುಮೆ ಹಚ್ಚದ ದಿನವೂ ಬೀಜ ಹುರಿದ ವಾಸನೆ ಮೂಗಿಗೆ ಬಡಿಯುತ್ತದೆ. ಬೆನ್ನ ಹಿಂದೆ ನಿಂತು ದೊಡ್ಡಮ್ಮ “ಬಿತ್ತಿದ್ಯೇನೇ?” ಅಂತಾಳೆ. ನಾನು ತಿರುಗುವುದಿಲ್ಲ.

ನಿನ್ನೆ ಗಾಜಿನಲ್ಲಿ ಮಂಜು ಕಂಡಿತು. “ಬದುಕಿದೆ ದೊಡ್ಡಮ್ಮ, ಒಂದು ಬದುಕಿದೆ” ಅಂದೇಬಿಟ್ಟೆ. ಮುಟ್ಟಿ ನೋಡಿದೆ. ಮಂಜು ಅಳಿಸಿ ಬೆರಳು ಒದ್ದೆಯಾಯಿತು. ಅದು ಗಾಜಿನ ಹೊರಗಿತ್ತು. ಅಷ್ಟು ಹತ್ತಿರ ಬಗ್ಗಿದ್ದೆನಲ್ಲ, ನನ್ನದೇ ಉಸಿರು.