ತಿರುಗಿದ ಅಕ್ಷರ

ಐಲ್ಸಾಳ ಕೈ ನಡುಗಲು ಶುರುವಾಗಿ ಎರಡು ವರ್ಷವಾಗಿತ್ತು. ಟೀ ಕುಡಿದರೆ ಅರ್ಧ ಬಾಯಿಗೆ, ಅರ್ಧ ತಟ್ಟೆಗೆ. ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳುವ ಹೆಂಗಸಲ್ಲ ಅವಳು. ಆದರೆ ರಬ್ಬರಿನ ಅಚ್ಚು ಹಿಡಿದಾಗಲೂ ಕೈ ಹಾಗೇ ಮಾಡಿದರೆ ಮಾತ್ರ ಅವಳಿಗೆ ತಡೆಯಲಾಗುತ್ತಿರಲಿಲ್ಲ. ಅಚ್ಚನ್ನು ನೇರ ಇಳಿಸಬೇಕು, ಉಸಿರು ಬಿಗಿಹಿಡಿದು ಒತ್ತಬೇಕು, ನೇರ ಎತ್ತಬೇಕು. ಕೂದಲೆಳೆಯಷ್ಟು ಜರುಗಿದರೂ ಹೂವಿಗೆ ಎರಡೆರಡು ಅಂಚು ಬಂದು ಕಾರ್ಡು ಕಸದಬುಟ್ಟಿಗೆ ಹೋಗುತ್ತದೆ.

ಅಲ್ವರ್‌ಸ್ಟನ್ನಿನ ಚರ್ಚಿನ ಹಿಂದಿನ ಹಾಲಿನಲ್ಲಿ ಗುರುವಾರ ಬೆಳಿಗ್ಗೆ ಅಚ್ಚಿನ ಗುಂಪು ಸೇರುತ್ತದೆ. ಒಂಬತ್ತು ಹೆಂಗಸರು, ಒಂಬತ್ತು ಪೆಟ್ಟಿಗೆ, ಲೆಕ್ಕವಿಲ್ಲದಷ್ಟು ಅಚ್ಚು. ಬಣ್ಣದ ಮೆತ್ತೆಗೆ ಅಚ್ಚನ್ನು ತಟ್ಟಿ ಕಾಗದಕ್ಕೆ ಒತ್ತುತ್ತಾರೆ, ಮೇಲೆ ಪುಡಿ ಉದುರಿಸಿ ಬಿಸಿಗಾಳಿ ಹಿಡಿದು ಉಬ್ಬಿಸುತ್ತಾರೆ. ಹುಟ್ಟುಹಬ್ಬ, ಮದುವೆ, ಸಾವು, ಎಲ್ಲದಕ್ಕೂ ಮೊದಲೇ ಕಾರ್ಡು ತಯಾರು. ಯಾರೂ ಸಾಯದಿದ್ದರೂ ಸಂತಾಪದ ಕಾರ್ಡು ಹತ್ತಾದರೂ ಪೆಟ್ಟಿಗೆಯಲ್ಲಿ ಇದ್ದೇ ಇರುತ್ತವೆ. ಇಷ್ಟು ಮಾಡಿಯೂ ಕಳಿಸುವುದಕ್ಕೆ ಒಬ್ಬರಿಗೂ ಮನಸ್ಸು ಬರುವುದಿಲ್ಲ. ಗುಂಪಿನ ವೆಲ್ಮಾಳ ಮನೆಯಲ್ಲಿ ಮೂರು ಡ್ರಾಯರು ತುಂಬಿವೆ. "ಈ ಚಿನ್ನದಂಥಾದ್ದನ್ನ ನನ್ನ ನಾದಿನಿಗೆ ಕಳಿಸ್ಲಾ? ಅವಳಿಗೆ ಅಂಗಡೀದೇ ಸಾಕು ಬಿಡು," ಎನ್ನುತ್ತಾಳೆ ಅವಳು.

ಐಲ್ಸಾ ಮಾತ್ರ ವರ್ಷಕ್ಕೊಂದು ಕಾರ್ಡನ್ನು ತಪ್ಪದೆ ಕಳಿಸುತ್ತಿದ್ದಳು. ಆಗಸ್ಟಿನಲ್ಲಿ, ವಾಟಲ್ ಮರ ಹಳದಿ ಹೂ ಬಿಡುವಾಗ, ಸಮುದ್ರದಾಚೆ ಜೀಲಾಂಗಿನಲ್ಲಿರುವ ಮಗಳು ನರೆಲ್ಲಳ ಹುಟ್ಟುಹಬ್ಬಕ್ಕೆ. ಏಳು ವರ್ಷದಲ್ಲಿ ಏಳು. ಕಳಿಸುವ ಮುಂಚೆ ಅದೇ ಅಚ್ಚನ್ನು ತನ್ನ ಚಿತ್ರದ ಪುಸ್ತಕದಲ್ಲೂ ಒಂದು ಪುಟಕ್ಕೆ ಒತ್ತಿ, ಸುತ್ತ ಬಣ್ಣ ಹಚ್ಚಿ, ತಾರೀಖು ಬರೆದಿಡುತ್ತಿದ್ದಳು. ಏಳಕ್ಕೂ ಉತ್ತರ ಬಂದಿರಲಿಲ್ಲ. ಆದರೆ ಒಂದೂ ವಾಪಸು ಬಂದಿರಲಿಲ್ಲ. ಇಟ್ಟುಕೊಂಡಿದ್ದಾಳೆ ಎಂದೇ ಐಲ್ಸಾ ನಂಬಿದ್ದಳು, ಆ ನಂಬಿಕೆಯಲ್ಲೇ ವರ್ಷ ದೂಡುತ್ತಿದ್ದಳು.

ತಾಯಿ ಮಗಳ ನಡುವೆ ಕೆಟ್ಟಿದ್ದೂ ಕಾರ್ಡಿನಿಂದಲೇ. ನರೆಲ್ ಬಸುರಿಯಾಗಿದ್ದಾಗ ಹೆಣ್ಣುಮಗು ಎಂದು ಗೊತ್ತಾಗಿ ಟೆಸ್ ಎಂದು ಹೆಸರೂ ಇಟ್ಟಾಗಿತ್ತು. ಕಾಯುವ ಜಾಯಮಾನವೇ ಅಲ್ಲ ಐಲ್ಸಾಳದು. ಚಳಿಗಾಲ ಪೂರ್ತಿ ಕೂತು, ತಳ್ಳುಗಾಡಿಯ ಅಚ್ಚು ಒತ್ತಿ, 'ನಮ್ಮ ಟೆಸ್ ಬಂದಳು' ಎಂದು ನಲವತ್ತು ಕಾರ್ಡು ಮಾಡಿ, ವಿಳಾಸ ಬರೆದು, ಅಂಚೆಚೀಟಿ ಅಂಟಿಸಿಟ್ಟಳು. ತಾರೀಖಿಗೆ ಮಾತ್ರ ಜಾಗ ಖಾಲಿ ಬಿಟ್ಟಿದ್ದಳು. "ಅಮ್ಮಾ, ನಾನು ಹೇಳೋವರೆಗೂ ಪೋಸ್ಟ್ ಮಾಡ್ಬೇಡ, ಆಯ್ತಾ?" ಎಂದು ನರೆಲ್ ಎರಡು ಸಲ ಹೇಳಿದ್ದಳು. ಬೆಳಿಗ್ಗೆ ಹತ್ತಕ್ಕೆ ಅಳಿಯನ ಫೋನು ಬಂತು, ಮಗು ಹುಟ್ಟಿತು ಎಂದು. ಐಲ್ಸಾ ನಲವತ್ತಕ್ಕೂ ತಾರೀಖು ಬರೆದು, ಲಕೋಟೆ ಮುಚ್ಚಿ, ಮಧ್ಯಾಹ್ನದ ಟಪಾಲಿಗೆ ಓಡಿಹೋಗಿ ಹಾಕಿಬಂದಳು. ಸಂಜೆ ನಾಲ್ಕಕ್ಕೆ ಮಗು ತೀರಿಕೊಂಡಿತು.

ಕೆಂಪು ಡಬ್ಬದ ಬಾಯಿಗೆ ಹಾಕಿದ್ದನ್ನು ಯಾರು ತೆಗೆಯುತ್ತಾರೆ? ತಿಂಗಳುಗಟ್ಟಲೆ ನರೆಲ್ಲಳ ಬಾಗಿಲಿಗೆ ಉಣ್ಣೆಯ ಕಾಲುಚೀಲ ಬಂದವು, ಕುಲಾವಿ ಬಂದವು, ಅಭಿನಂದನೆ ಬಂದವು. ಮಣ್ಣು ಮಾಡಿದ ದಿನ ನರೆಲ್ ತಾಯಿಗೆ ಒಂದೇ ಮಾತು ಹೇಳಿದಳು: "ನಿನಗೆ ನಿನ್ನ ಕಾರ್ಡೇ ಹೆಚ್ಚಾಯ್ತಲ್ಲಮ್ಮಾ." ಆಮೇಲೆ ಫೋನ್ ನಂಬರು ಬದಲಾಯಿತು.

ಹಿಂದಿನ ಏಳು ಕಾರ್ಡಿನಲ್ಲೂ ಐಲ್ಸಾ ಹುಟ್ಟುಹಬ್ಬದ ಶುಭಾಶಯ ಬಿಟ್ಟು ಬೇರೇನೂ ಬರೆದಿರಲಿಲ್ಲ. ಬರೆಯುವ ಧೈರ್ಯವಿರಲಿಲ್ಲ. ಈ ವರ್ಷ ಡಾಕ್ಟರು ಕೈ ನೋಡಿ, ಇದು ಇಳಿಯುವಂಥದ್ದಲ್ಲ, ಏರುವಂಥದ್ದು ಎಂದು ಹೇಳಿಬಿಟ್ಟರು. ಮುಂದಿನ ಆಗಸ್ಟಿಗೆ ಈ ಕೈಯಲ್ಲಿ ಅಚ್ಚು ನಿಲ್ಲುವುದಿಲ್ಲ ಎಂದು ಅವಳಿಗೆ ಅವರು ಹೇಳುವ ಮುಂಚೆಯೇ ತಿಳಿದಿತ್ತು. ಹನ್ನೊಂದು ಕಾರ್ಡು ಹಾಳುಮಾಡಿ, ಹನ್ನೆರಡನೆಯದರಲ್ಲಿ ವಾಟಲ್ ಹೂವಿನ ಒಂದು ರೆಂಬೆ ಸರಿಯಾಗಿ ಬಂತು. ಒಳಗೆ ಬರೆದಳು: 'ಟೆಸ್‌ಳನ್ನು ನಾನು ಒಂದು ದಿನವೂ ಮರೆತಿಲ್ಲ. ನೀನು ಬೇಡವೆಂದಿದ್ದೆ, ನಾನು ಕೇಳಲಿಲ್ಲ. ತಪ್ಪು ನನ್ನದು.' ಬರೆಯುವುದಕ್ಕೆ ಎಂಟು ವರ್ಷ ಬೇಕಾಯಿತು, ಸೊಟ್ಟಪಟ್ಟ ಅಕ್ಷರದಲ್ಲಿ.

ಮೂರು ವಾರಕ್ಕೆ ಲಕೋಟೆ ವಾಪಸು ಬಂತು.

ಒಬ್ಬಳೇ ಅದನ್ನು ಮನೆಯಲ್ಲಿಟ್ಟುಕೊಂಡು ಕೂರಲಾರದೆ, ಗುರುವಾರ ಕೈಚೀಲದಲ್ಲಿ ಹಾಕಿಕೊಂಡು ಹಾಲಿಗೆ ಬಂದಳು. ಕನ್ನಡಕ ಮನೆಯಲ್ಲೇ ಉಳಿದಿತ್ತು. ಬೇಕೆಂದೇ ಬಿಟ್ಟಳೋ ಏನೋ, ಅವಳಿಗೇ ಗೊತ್ತು. ವೆಲ್ಮಾ ತೆಂಗಿನತುರಿ ಹಚ್ಚಿದ ಲ್ಯಾಮಿಂಗ್ಟನ್ ಕೇಕಿನ ತುಂಡನ್ನು ತಟ್ಟೆಯಲ್ಲಿಟ್ಟು ಅವಳ ಮುಂದೆ ತಳ್ಳಿದಳು.

"ಏನೇ ಇದು, ಮುಖ ಸುಟ್ಟ ಬದನೇಕಾಯಿ ಆಗಿದೆ?"

ಐಲ್ಸಾ ಲಕೋಟೆ ತೆಗೆದು ಮೇಜಿನ ಮೇಲಿಟ್ಟಳು. ವಿಳಾಸಕ್ಕೆ ಅಡ್ಡಲಾಗಿ ಕಪ್ಪು ಮಸಿಯಲ್ಲಿ ಒಂದು ಮುದ್ರೆ ಬಿದ್ದಿತ್ತು: ರಿಟರ್ನ್ ಟು ಸೆಂಡರ್, ಕಳಿಸಿದವರಿಗೇ ವಾಪಸು ಎಂದು. ಲಕೋಟೆ ಅಂಟಿಸಿದ್ದು ಅಂಟಿಸಿದ ಹಾಗೇ ಇತ್ತು.

"ಅಯ್ಯೋ, ಇಷ್ಟೇನಾ?" ವೆಲ್ಮಾ ಉಸಿರುಬಿಟ್ಟಳು. "ಮನೆ ಬದಲಾಯ್ಸಿರ್ತಾಳೆ ಮಾರಾಯ್ತಿ! ಪೋಸ್ಟಿನೋರು ಗುದ್ದಿ ಕಳ್ಸಿದಾರೆ. ಅವಳು ಕಣ್ಣಲ್ಲೂ ನೋಡಿಲ್ಲ ಇದನ್ನ. ಹೊಸ ವಿಳಾಸ ಹುಡುಕಿ ಇನ್ನೊಂದು ಸಲ ಹಾಕಿದ್ರಾಯ್ತು."

"ಹಾಗಂತೀಯಾ?"

"ಮತ್ತಿನ್ನೇನು? ಎಂಟು ವರ್ಷದಲ್ಲಿ ಜನ ಮನೆ ಬದಲಾಯ್ಸಲ್ವಾ? ಏಳು ಇಟ್ಕೊಂಡೋಳು ಎಂಟನೇದು ಯಾಕೆ ಬೇಡ ಅಂತಾಳೆ?"

ಐಲ್ಸಾಳ ಎದೆ ಸ್ವಲ್ಪ ಹಗುರಾಯಿತು. ಹೌದಲ್ಲ, ತನಗೆ ಇದು ಹೊಳೆಯಲೇ ಇಲ್ಲವಲ್ಲ ಎಂದುಕೊಂಡು ಲ್ಯಾಮಿಂಗ್ಟನ್ನಿನ ಒಂದು ಮೂಲೆ ಮುರಿದು ಬಾಯಿಗೆ ಹಾಕಿಕೊಂಡಳು. ಎರಡು ದಿನದಿಂದ ಹೊಟ್ಟೆಗೇನೂ ಬಿದ್ದಿರಲಿಲ್ಲ.

ವೆಲ್ಮಾ ಲಕೋಟೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದವಳು ಕಿಸಕ್ಕನೆ ನಕ್ಕಳು. "ಬನ್ರೇ ಇಲ್ಲಿ, ನೋಡ್ರೇ! ನಮ್ಮ ಪೋಸ್ಟಿನೋರ ಘನಂದಾರಿ ಕೆಲಸ! ಸೆಂಡರ್‌ನಲ್ಲಿ ಎನ್ ಉಲ್ಟಾ ಇದೆ! ಸರ್ಕಾರದ ಅಚ್ಚು, ಅದಕ್ಕೂ ಅಕ್ಷರ ಬರಲ್ಲ. ನಾವು ಹೋಗಿ ಪಾಠ ಹೇಳ್ಕೊಡ್ಬೇಕು."

ಹೆಂಗಸರೆಲ್ಲ ಸುತ್ತ ಬಂದು ಬಗ್ಗಿ ನೋಡಿ ನಕ್ಕರು. ಐಲ್ಸಾ ಕೈ ಚಾಚಿದಳು. "ಕನ್ನಡಕ ಕೊಡು."

ವೆಲ್ಮಾಳ ಕನ್ನಡಕ ಹಾಕಿಕೊಂಡು ನೋಡಿದಳು. ಮೊದಲ ಪದದ ಎನ್ ಸರಿಯಾಗಿತ್ತು. ಮೂರನೆಯ ಪದದ್ದು ತಿರುಗಿ ನಿಂತಿತ್ತು.

ನರೆಲ್ ಎಂಟು ವರ್ಷದವಳಿದ್ದಾಗಿನ ಮಾತು. ಅಡುಗೆಮನೆಯ ಮೇಜಿಗೆ ಕೂರಿಸಿ, ಅಳಿಸುವ ರಬ್ಬರಿನಲ್ಲಿ ಅಚ್ಚು ಕೆತ್ತುವುದನ್ನು ಐಲ್ಸಾಳೇ ಕಲಿಸಿದ್ದಳು. ರಬ್ಬರಿನ ಮೇಲೆ ಅಕ್ಷರ ತಿರುಗಿರಬೇಕು, ಆಗ ಕಾಗದದ ಮೇಲೆ ನೇರ ಬರುತ್ತದೆ. ಹುಡುಗಿ ಮಿಕ್ಕೆಲ್ಲ ಅಕ್ಷರವನ್ನೂ ತಿರುಗಿಸುತ್ತಿದ್ದಳು, ಹೆಸರಿನ ಮೊದಲಕ್ಷರವಾದ ಎನ್ ಒಂದನ್ನು ಬಿಟ್ಟು. ಎಷ್ಟು ಬೈದರೂ ಕೈ ಅದನ್ನು ಅಭ್ಯಾಸಬಲದಿಂದ ನೇರ ಕೆತ್ತಿಬಿಡುತ್ತಿತ್ತು, ಒತ್ತಿದಾಗ ಅದು ಉಲ್ಟಾ. "ಚೂರೀನ ಹೊರಗಡೆಗೆ ವಾಲಿಸಿ ಹಿಡಿ ಪುಟ್ಟಾ, ಬುಡ ಗಟ್ಟಿಯಾಗತ್ತೆ," ಎಂದು ಹೇಳಿಕೊಟ್ಟಿದ್ದಳು. ಇನ್ನೂ ಒಂದು ಮಾತು ಹೇಳಿದ್ದಳು, ಈ ಹಾಲಿನಲ್ಲಿ ಹೊಸಬರು ಬಂದಾಗಲೆಲ್ಲ ಈಗಲೂ ಹೇಳುವ ಮಾತು: "ಒಂದು ಸಲಕ್ಕಾದ್ರೆ ಪೆನ್ನು ಹಿಡಿ. ನೂರು ಸಲಕ್ಕಾದ್ರೆ ಚೂರಿ ಹಿಡಿ."

ಈ ಮುದ್ರೆ ಕೆತ್ತಲು ಒಂದು ಸಂಜೆಯಾದರೂ ಕೂತಿರಬೇಕು ನರೆಲ್, ದೀಪದ ಕೆಳಗೆ, ತುದಿನಾಲಗೆ ಕಚ್ಚಿಕೊಂಡು. ಅಂಚುಗಳು ಎಲ್ಲೂ ಕುಸಿದಿರಲಿಲ್ಲ. ಕೆತ್ತಿ ತೆಗೆದ ಜಾಗದಲ್ಲಿ ಮಸಿಯ ಒಂದು ಗೆರೆಯೂ ಉಳಿದಿರಲಿಲ್ಲ. ಹೇಳಿಕೊಟ್ಟ ಹಾಗೇ ಆಳವಾಗಿ, ಹೊರಗೆ ವಾಲಿಸಿ ಕೆತ್ತಿದ್ದಳು.

"ನಗು ಬರಲ್ವೇನೇ ನಿನಗೆ?" ವೆಲ್ಮಾ ತೋಳು ತಿವಿದಳು.

"ಬರತ್ತೆ," ಎಂದಳು ಐಲ್ಸಾ. "ಪೋಸ್ಟಿನೋರಿಗೆ ಬುದ್ಧಿ ಇಲ್ಲ."

"ನಾಳೆನೇ ವಿಳಾಸ ಹುಡುಕೋಣ. ಸರಿನಾ?"

"ಹುಡುಕೋಣ."

ವೆಲ್ಮಾ ಸಮಾಧಾನವಾಗಿ ತನ್ನ ಕುರ್ಚಿಗೆ ಹೋದಳು. ಐಲ್ಸಾ ಲಕೋಟೆಯನ್ನು ಚೀಲಕ್ಕೆ ಹಾಕಿ, ಚಿತ್ರದ ಪುಸ್ತಕ ತೆರೆದು ಮೆತ್ತೆಗೆ ವಾಟಲ್ ಅಚ್ಚನ್ನು ತಟ್ಟಿದಳು. ಈ ಸಲ ಕಾರ್ಡಿಗೇ ಕೈ ಸೋತು ಎಂಟನೆಯ ಪುಟ ಇನ್ನೂ ಬಾಕಿಯಿತ್ತು. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದು, ಉಸಿರು ಕಟ್ಟಿ ಒತ್ತಿದಳು. ಹಳದಿಯೆಲ್ಲ ಕಲಸಿಹೋಯಿತು, ಹೂವೂ ಇಲ್ಲ, ರೆಂಬೆಯೂ ಇಲ್ಲ.

ಬರುವ ಆಗಸ್ಟಿಗೆ ನರೆಲ್ ತಾನು ಕೆತ್ತಿದ ಆ ಅಚ್ಚನ್ನು ಡ್ರಾಯರಿನಿಂದ ತೆಗೆದು ಕಾಯುತ್ತಾಳೆ. ಕಾರ್ಡು ಬಾರದಿದ್ದಾಗ, ಅಮ್ಮನಿಗೆ ಕೊನೆಗೂ ಅರ್ಥವಾಯಿತು ಎಂದುಕೊಳ್ಳುತ್ತಾಳೆ. ಕೈಯ ವಿಷಯ ಅವಳಿಗೆ ಯಾರೂ ಹೇಳಿರುವುದಿಲ್ಲ.